ಪೆನ್ಸಿಲ್ ಗುರುತು

ಒಂದು ಬಿಂದು ಸೊನ್ನೆ ನಾಲ್ಕು.
ಹರ್ಪಿಸ್, ಎರಡನೆಯ ಬಗೆ, ಎಂಬ ಸಾಲಿನ ಮುಂದೆ ಇಷ್ಟೇ.
ಸೊನ್ನೆ ಬಿಂದು ಒಂಬತ್ತರ ಕೆಳಗಿದ್ದರೆ ಇಲ್ಲ,
ಒಂದು ಬಿಂದು ಒಂದು ದಾಟಿದರೆ ಉಂಟು,
ನಡುವಿನ ಚೂರು ಜಾಗಕ್ಕೆ
ಪ್ರಯೋಗಾಲಯದವರು ಇಟ್ಟ ಹೆಸರು: ಗಡಿ.

ನಾನು ಹುಟ್ಟಿದ್ದೇ ಗಡಿಯ ಹತ್ತಿರ,
ಗೋಧಿಹೊಲ ರೊಮೇನಿಯಾವನ್ನು ಮುಟ್ಟುವಲ್ಲಿ.
ಅಲ್ಲೊಂದು ಕಂಬವಾದರೂ ಇತ್ತು, ಬಣ್ಣದ ಪಟ್ಟೆ,
ತೂಕಡಿಸುವ ಒಬ್ಬ ಕಾವಲಿನವ.
ಇಲ್ಲಿ ಯಾರನ್ನು ಕೇಳಲಿ?

ಡಾಕ್ಟರ್ ವೆರೆಶ್ ಕನ್ನಡಕ ಒರೆಸಿದರು.
"ಹೌದು ಅಂತಲೂ ಹೇಳಲಾರೆ, ಇಲ್ಲ ಅಂತಲೂ.
ಈ ಪರೀಕ್ಷೆ ಕೆಲವೊಮ್ಮೆ ಬೇರೆ ಯಾರನ್ನೋ ಕಂಡು
ಇವಳೇ ಎಂದು ಕೂಗಿಬಿಡುತ್ತದೆ.
ಹನ್ನೆರಡು ವಾರ ಬಿಟ್ಟು ಬನ್ನಿ, ಪಿರೋಷ್ಕಾ."
ಅಡ್ಡಗೋಡೆಯ ಮೇಲೆ ದೀಪ ಇಟ್ಟು
ಮುಂದಿನವರ ಹೆಸರು ಕರೆದರು.

ದೀಪ ಅಂದರೆ ನನಗೆ ಗೊತ್ತು.
ಹತ್ತೊಂಬತ್ತು ವರ್ಷದಿಂದ ನನ್ನ ಕಸುಬೇ ಅದು:
ಕತ್ತಲ ಕೋಣೆ, ಹೆಬ್ಬಾತಿನ ಮೊಟ್ಟೆ, ಹಿಂದೊಂದು ದೀಪ.
ಒಂಬತ್ತನೆಯ ದಿನ ಒಂದೊಂದನ್ನೇ ಎತ್ತಿ ನೋಡುತ್ತೇನೆ.
ಕೆಂಪು ನರ ಜೇಡನ ಹಾಗೆ ಕಾಲು ಚಾಚಿದ್ದರೆ ಜೀವ.
ಬರೀ ಹಳದಿ ಬೆಳಕಾದರೆ ಬುಟ್ಟಿಗೆ.
ನೂರರಲ್ಲಿ ಮೂರೋ ನಾಲ್ಕೋ ಏನನ್ನೂ ಹೇಳುವುದಿಲ್ಲ,
ಒಂದು ಮಬ್ಬು, ಒಂದು ನೆರಳು,
ಚಿಪ್ಪು ದಪ್ಪವೋ, ನನ್ನ ಕಣ್ಣು ದಣಿದಿದೆಯೋ.
ಅವಕ್ಕೆ ಪೆನ್ಸಿಲ್ಲಿನಲ್ಲಿ ಸಣ್ಣ ಗುರುತು ಹಾಕಿ
ಮತ್ತೆ ಕಾವಿಗಿಡುತ್ತೇನೆ.
ಹೊಸ ಹುಡುಗಿಯರಿಗೆ ಹೇಳಿಕೊಡುವುದೂ ಅದನ್ನೇ:
ಅನುಮಾನದ ಮೊಟ್ಟೆಯನ್ನು ಒಡೆದು ನೋಡಬೇಡಿ.
ಒಡೆದರೆ ಉತ್ತರ ಸಿಗುತ್ತದೆ,
ಮರಿ ಸಿಗುವುದಿಲ್ಲ.

ಆದರೂ ಆ ರಾತ್ರಿಯೆಲ್ಲ ಒಡೆಯುತ್ತಲೇ ಕೂತಿದ್ದೆ.
ಯಾರು? ಯಾವಾಗ?
ಬಿಟ್ಟುಹೋದ ಗಂಡ ಗೆಲ್ಲೇರ್ಟ್, ಅವನ ಸೆಗೆಡ್ಡಿನ ರಾತ್ರಿಪಾಳಿಗಳು.
ಅವನಿಗೂ ಮೊದಲು ಸರೋವರದ ದಂಡೆಯ ಒಂದು ಬೇಸಿಗೆ,
ಅರ್ಧ ಹೆಸರಷ್ಟೇ ನೆನಪಿರುವ ಹುಡುಗ.
ಆರು ವರ್ಷದ ಹಿಂದೆ ತೊಡೆಯ ಸಂದಿಯಲ್ಲಿ ಎದ್ದ ಉರಿ,
ಸೈಕಲ್ಲಿನ ಹೊಸ ಸೀಟು ಉಜ್ಜಿದ್ದು ಎಂದುಕೊಂಡು
ಬಾತಿನ ಕೊಬ್ಬು ಸವರಿ ಮರೆತದ್ದು.
ಸೀಟೇ ಇದ್ದಿರಬಹುದು.
ಇಡೀ ಬದುಕನ್ನು ದೀಪಕ್ಕೆ ಹಿಡಿದರೆ
ಎಲ್ಲಿ ನೋಡಿದರೂ ನರಗಳೇ.

ಝೊಂಬೊರನಿಗೆ ಹೇಳಬೇಕಿತ್ತು.
ನನಗೆ ನಲವತ್ತಾರು, ಅವನಿಗೆ ಐವತ್ತೊಂದು,
ಇನ್ನೂ ಕೈ ಹಿಡಿಯುವ ಮಟ್ಟಿಗಷ್ಟೇ ಬಂದವರು.
ಸೆಂತೆಶ್ ಬಸ್ಸಿನ ಚಾಲಕ,
ಕೊನೆಯ ನಿಲ್ದಾಣದಲ್ಲಿ ಎಂಜಿನ್ ಆರಿಸಿ
ಥರ್ಮಾಸಿನ ಮುಚ್ಚಳದಲ್ಲಿ ಕಾಫಿ ಕೊಡುವವ.

ಹೇಳಿದೆ. ಅಂಕಿಯನ್ನೂ ಹೇಳಿದೆ, ಸಂತೆಯಲ್ಲಿ ದರ ಹೇಳುವ ಹಾಗೆ.
ಅವನು ಬಹಳ ಹೊತ್ತು ವೈಪರನ್ನು ನೋಡಿದ.
ಮಳೆ ಇರಲಿಲ್ಲ.
ಆಮೇಲೆ ತುಟಿಯ ಮೂಲೆ ಮುಟ್ಟಿಕೊಂಡು:
"ಚಳಿಗಾಲಕ್ಕೊಮ್ಮೆ ಇಲ್ಲಿ ಗುಳ್ಳೆ ಏಳುತ್ತದೆ,
ಏಳು ವರ್ಷದವನಿದ್ದಾಗಿಂದ. ಅಮ್ಮ ಜೇನು ಹಚ್ಚುತ್ತಿದ್ದಳು.
ಅದೂ ಇದೇ ಮನೆತನದ್ದಂತೆ.
ಯಾರಿಂದ ಬಂತು ಅಂತ ನನ್ನನ್ನು ಯಾರೂ ಕೇಳಲಿಲ್ಲ."
ಸಮಾಧಾನವೋ, ಬರೀ ಸಮಾಚಾರವೋ, ತಿಳಿಯಲಿಲ್ಲ.
ಅವನು ಹತ್ತಿರ ಸರಿಯಲಿಲ್ಲ.
ಎದ್ದೂ ಹೋಗಲಿಲ್ಲ.

"ಹನ್ನೆರಡು ವಾರ ಅಂದರೆ ಎಷ್ಟಾಯಿತು?"
"ಬಾತಿನ ಮೂರು ಕಾವಿಗೆ ಆರು ದಿನ ಕಡಿಮೆ."
ಅವನು ನಕ್ಕ, ನಕ್ಕಿದ್ದಕ್ಕೆ ಹೆದರಿದ.
ಬಸ್ಸಿನ ಕ್ಯಾಲೆಂಡರ್ ಇಳಿಸಿ ಪೆನ್ಸಿಲ್ ಹುಡುಕಿದ, ಸಿಗಲಿಲ್ಲ.
ನನ್ನ ಏಪ್ರನ್ನಿನಲ್ಲಿತ್ತು, ಮೂಗು ಸವೆದ ಮೊಂಡು.
ಜೂನ್ ಹತ್ತೊಂಬತ್ತರ ಚೌಕದಲ್ಲಿ ಒಂದು ಗುರುತು ಹಾಕಿದೆ.
ಒತ್ತಿ ಹಾಕಲಿಲ್ಲ.
ಒತ್ತಿದರೆ ಚಿಪ್ಪು ಬಿರಿಯುತ್ತದೆ,
ಕೈಗೆ ಅದೇ ರೂಢಿ.